ಲ್ಯಾಪ್‌ಟಾಪ್ ಮೇಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಲ್ಯಾಪ್‌ಟಾಪನ್ನೇ ವಾದ್ಯ ಮಾಡಿಕೊಂಡು ನುಡಿಸುವ, ತುಮಕೂರಿನ ನಮ್ಮ ಲ್ಯಾಪ್‌ಟಾಪ್ ಮೇಳದ ಬಗ್ಗೆ ಬರೆದಿದ್ದೆ. ಹಳೆಯ ಲ್ಯಾಪ್‌ಟಾಪ್‌ಗಳು, ಎಲ್ಲದರಲ್ಲೂ ವಿಂಡೋಸ್ ಬದಲು ಲಿನಕ್ಸ್, ಪ್ರೋಗ್ರಾಂ ಬರೆದು ಸದ್ದು ಹುಟ್ಟಿಸುವ ಚಕ್ ಎಂಬ ಮುಕ್ತ ತಂತ್ರಾಂಶ, ಒಬ್ಬೊಬ್ಬರ ಪಕ್ಕದಲ್ಲೂ ಒಂದೊಂದು ಸ್ಪೀಕರ್. ನಮ್ಮ ಬಂಡವಾಳ ಇಷ್ಟೇ. ಅದನ್ನು ಓದಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬಹಳ ಪತ್ರಗಳು ಬಂದಿವೆ. ನಾನು ವೀಣೆ ಕಲಿತವಳು, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದವಳು. ಹಾಗಾಗಿ ಸಂಗೀತದ ಪ್ರಶ್ನೆಗೂ ಯಂತ್ರದ ಪ್ರಶ್ನೆಗೂ ನನ್ನ ಅನುಭವದಿಂದಲೇ ಉತ್ತರ ಹೇಳುತ್ತೇನೆ. ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ಮೇಡಂ, ಚಕ್‌ನ ಸೋರ್ಸ್ ಕೋಡ್ ಇಳಿಸಿಕೊಂಡು ‘ಮೇಕ್’ ಕೊಟ್ಟರೆ ಪರದೆ ತುಂಬಾ ಎರರ್ ಬರುತ್ತಿದೆ. ಅಷ್ಟಕ್ಕೂ ರೆಡಿ ಪ್ಯಾಕೇಜ್ ಇರುವಾಗ ನಾವೇ ಕಂಪೈಲ್ ಮಾಡಬೇಕಾ?
— ಪದವಿ ವಿದ್ಯಾರ್ಥಿ, ತಿಪಟೂರು

ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. (ಹೊಸಬರಿಗೆ: ಸೋರ್ಸ್ ಕೋಡ್ ಎಂದರೆ ತಂತ್ರಾಂಶದ ಮೂಲ ಬರಹ, ಅದನ್ನು ಯಂತ್ರ ಓಡಿಸುವ ರೂಪಕ್ಕೆ ಕಟ್ಟುವುದೇ ಕಂಪೈಲ್.) ಒಬ್ಬರೇ ನುಡಿಸುವುದಾದರೆ ರೆಡಿ ಪ್ಯಾಕೇಜ್ ಸಾಕು. ಮೇಳಕ್ಕೆ ಸಾಲದು. ಲಿನಕ್ಸ್‌ನ ಭಂಡಾರದಲ್ಲಿ ಸಿಗುವ ಪ್ಯಾಕೇಜ್ ಹಲವು ಸಲ ಹಳೆಯದಾಗಿರುತ್ತದೆ. ಒಬ್ಬರ ಉಬುಂಟು (ಲಿನಕ್ಸ್‌ನ ಒಂದು ಬಗೆ) ಒಂದು ವರ್ಷದ್ದು, ಇನ್ನೊಬ್ಬರದು ಇನ್ನೊಂದು ವರ್ಷದ್ದು ಆಗಿದ್ದರೆ ಚಕ್ ಕೂಡ ಬೇರೆ ಬೇರೆ ಆವೃತ್ತಿ ಬರುತ್ತದೆ. ಲ್ಯಾಪ್‌ಟಾಪ್‌ಗಳು ತಮ್ಮೊಳಗೆ ಸಂದೇಶ ಕಳಿಸಿಕೊಳ್ಳಲು ಚಕ್‌ನಲ್ಲಿ ಹಿಂದೆ ಆಸ್ಕ್‌ಸೆಂಡ್, ಆಸ್ಕ್‌ರೆಸಿವ್ ಎಂಬ ವಿಧಾನ ಇತ್ತು. ಆಮೇಲೆ ಆಸ್ಕ್‌ಔಟ್, ಆಸ್ಕ್‌ಇನ್ ಬಂದವು. ಹೊಸ ವಿಧಾನದಲ್ಲಿ ಬರೆದ ಪ್ರೋಗ್ರಾಂ ತೀರಾ ಹಳೆಯ ಚಕ್‌ನಲ್ಲಿ ಓಡುವುದೇ ಇಲ್ಲ. ಕಛೇರಿಯ ದಿನ ಇದು ಗೊತ್ತಾದರೆ ಗತಿಯೇನು? ಅದಕ್ಕೇ ನನ್ನ ನಿಯಮ: ಒಂದೇ ಸೋರ್ಸ್, ಒಂದೇ ಆವೃತ್ತಿ, ಎಲ್ಲರ ಯಂತ್ರದಲ್ಲೂ.

ಇನ್ನು ಎರರ್ ವಿಷಯ. ಪರದೆ ತುಂಬಿದ್ದನ್ನು ನೋಡಿ ಹೆದರಬೇಡಿ. ಮೇಲಕ್ಕೆ ಸರಿಸಿ, ಮೊದಲನೇ ಎರರ್ ಮಾತ್ರ ಓದಿ. ಉಳಿದವು ಬಹುಮಟ್ಟಿಗೆ ಅದರ ಬಾಲವೇ. ಅಲ್ಲಿ ಲಿನಕ್ಸ್‌ನ ಧ್ವನಿ ವ್ಯವಸ್ಥೆ ‘ಆಲ್ಸಾ’ಗೆ ಸೇರಿದ ಒಂದು ಹೆಡರ್ ಫೈಲ್ (ಕಟ್ಟುವಾಗ ಬೇಕಾಗುವ ಫೈಲ್) ಇಲ್ಲ ಎಂದಿದ್ದರೆ ಲಿಬ್‌ಎಸೌಂಡ್2-ಡೆವ್ ಎಂಬ ಪ್ಯಾಕೇಜ್ ಹಾಕಿಲ್ಲ ಎಂದರ್ಥ. ‘ಸೌಂಡ್‌ಫೈಲ್’ ಹೆಡರ್ ಇಲ್ಲ ಎಂದರೆ ಲಿಬ್‌ಸೌಂಡ್‌ಫೈಲ್1-ಡೆವ್ ಬೇಕು. ‘ಬೈಸನ್’ ಅಥವಾ ‘ಫ್ಲೆಕ್ಸ್’ ಸಿಗಲಿಲ್ಲ ಎಂದರೆ ಆ ಎರಡು ಉಪಕರಣಗಳೇ ಇಲ್ಲ. ಚಕ್ ಒಂದು ಭಾಷೆ, ಅಲ್ವಾ? ನೀವು ಬರೆದದ್ದನ್ನು ಪದ ಪದವಾಗಿ ಬಿಡಿಸುವ ಭಾಗ ಫ್ಲೆಕ್ಸ್‌ನಿಂದ ತಯಾರಾಗುತ್ತದೆ. ವ್ಯಾಕರಣ ನೋಡುವ ಭಾಗ ಬೈಸನ್‌ನಿಂದ. ಇವಕ್ಕೆಲ್ಲ ಮೊದಲು ಬಿಲ್ಡ್-ಎಸೆನ್ಷಿಯಲ್ ಇರಬೇಕು. ಸಿ++ ಕಂಪೈಲರ್ ಮತ್ತು ಮೇಕ್ ಅದರಲ್ಲೇ ಬರುತ್ತವೆ. ಒಂದು ವಿಷಯ ಮರೆಯಬೇಡಿ: ಹೆಸರಿನ ಕೊನೆಯಲ್ಲಿ ‘ಡೆವ್’ ಇರುವ ಪ್ಯಾಕೇಜ್‌ಗಳೇ ಬೇಕು. ಡೆವ್ ಇಲ್ಲದ್ದು ತಂತ್ರಾಂಶ ಓಡಿಸಲು ಮಾತ್ರ, ಕಟ್ಟಲು ಆಗುವುದಿಲ್ಲ.

ಇವೆಲ್ಲ ಆದ ಮೇಲೆ ಚಕ್‌ನ ಫೋಲ್ಡರಿನೊಳಗೆ ‘ಎಸ್‌ಆರ್‌ಸಿ’ ಎಂಬ ಫೋಲ್ಡರಿಗೆ ಹೋಗಿ. ಬರೀ ‘ಮೇಕ್’ ಎಂದರೆ ಸಾಲದು, ಯಾವ ಧ್ವನಿ ವ್ಯವಸ್ಥೆಗೆ ಎಂದು ಹೇಳಬೇಕು. ನಾವು ‘ಮೇಕ್ ಲಿನಕ್ಸ್-ಆಲ್ಸಾ’ ಕೊಡುತ್ತೇವೆ. ಪಲ್ಸ್, ಜ್ಯಾಕ್ ಎಂಬ ಇನ್ನೆರಡು ಧ್ವನಿ ವ್ಯವಸ್ಥೆಗಳಿಗೆ ಬೇರೆ ಬೇರೆ ಆದೇಶ ಇವೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ನಡುವೆ ‘ಮೇಕ್ ಕ್ಲೀನ್’ ಕೊಡಿ. ಇಲ್ಲದಿದ್ದರೆ ಹಳೆಯ ತುಂಡುಗಳು ಹೊಸದರ ಜೊತೆ ಸೇರಿಕೊಂಡು ಅರ್ಥವಾಗದ ಎರರ್ ಬರುತ್ತದೆ. ಕೊನೆಗೆ ‘ಸುಡೋ ಮೇಕ್ ಇನ್‌ಸ್ಟಾಲ್’. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 2 ಜಿಬಿ ರ‍್ಯಾಮ್ ಮಾತ್ರ ಇದ್ದರೆ ಒಟ್ಟಿಗೆ ನಾಲ್ಕು ಕೆಲಸ ಓಡಿಸುವ ‘ಜೆ4’ ಸೇರಿಸಬೇಡಿ. ನಿಧಾನವಾದರೂ ಒಂದೊಂದೇ ಆಗಲಿ. ರ‍್ಯಾಮ್ ಸಾಲದೆ ಅರ್ಧಕ್ಕೆ ನಿಂತರೆ ಬರುವ ಎರರ್ ನೋಡಿ ತಂತ್ರಾಂಶದ್ದೇ ತಪ್ಪು ಎಂದುಕೊಳ್ಳುತ್ತೀರಿ.

ಕಟ್ಟಿದ ಮೇಲೆ ‘ಚಕ್ --ಪ್ರೋಬ್’ ಎಂದು ಕೇಳಿ. ನಿಮ್ಮ ಸೌಂಡ್ ಕಾರ್ಡ್‌ಗಳ ಪಟ್ಟಿ ಬರುತ್ತದೆ. ಎಚ್‌ಡಿಎಂಐ ಮೊದಲು ಬಂದು ಹೆಡ್‌ಫೋನ್ ಕಿಂಡಿ ಆಮೇಲೆ ಬಂದಿದ್ದರೆ, ಪ್ರೋಗ್ರಾಂ ಓಡುತ್ತಿದ್ದರೂ ಸದ್ದು ಕೇಳಿಸದೆ ಹೋಗಬಹುದು. ಆಗ ಕಾರ್ಡಿನ ಸಂಖ್ಯೆ ಹೇಳಿ ಓಡಿಸಿ.

ಎಲ್ಲರೂ ಕೂತು ಒಂದೊಂದು ಯಂತ್ರದಲ್ಲಿ ಕಂಪೈಲ್ ಮಾಡಬೇಕಾಗಿಲ್ಲ. ಒಂದೇ ಲಿನಕ್ಸ್ ಆವೃತ್ತಿಯ 64 ಬಿಟ್ ಯಂತ್ರಗಳಾದರೆ, ಒಂದರಲ್ಲಿ ಕಟ್ಟಿದ ಚಕ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಉಳಿದವುಗಳಲ್ಲಿ ಇಟ್ಟರೂ ನಡೆಯುತ್ತದೆ. ಆದರೂ ನಮ್ಮ ಮೇಳಕ್ಕೆ ಹೊಸದಾಗಿ ಸೇರುವ ಪ್ರತಿಯೊಬ್ಬರ ಕೈಲೂ ಮೊದಲ ಸಲ ನಾನು ಕಂಪೈಲ್ ಮಾಡಿಸುತ್ತೇನೆ. ವೀಣೆ ಕಲಿಯುವವರಿಗೆ ತಂತಿ ಹಾಕಲು ಬರಬೇಕು ಎಂದು ನನ್ನ ಗುರುಗಳು ಹಟ ಹಿಡಿಯುತ್ತಿದ್ದರು. ಅದು ಸರಿಯಾದ ಹಟ. ವಾದ್ಯ ಕೆಟ್ಟಾಗ ಬಿಚ್ಚಿ ನೋಡುವ ಧೈರ್ಯ ಅಲ್ಲಿಂದಲೇ ಬರುವುದು.

ಪ್ರಶ್ನೆ: ಅಮ್ಮಾ, ನಾನು ಮೊದಲಿಂದಲೂ ಭಜನೆ ಮಂಡಳಿಯಲ್ಲಿ ತಾಳ ಹಾಕುವವನು. ಕಂಪ್ಯೂಟರ್ ತಾನೇ ಬಾರಿಸುತ್ತಿದ್ದರೆ ನಿಮ್ಮ ಹುಡುಗರ ಕೆಲಸ ಏನು?
— ಹಿರಿಯ ಓದುಗರು, ಮಧುಗಿರಿ

ನ್ಯಾಯವಾದ ಪ್ರಶ್ನೆ ಹಿರಿಯರೇ. ಗುಂಡಿ ಒತ್ತಿ ಕೈಕಟ್ಟಿ ಕೂರುವುದಾದರೆ ಅದು ಮೇಳ ಅಲ್ಲ ಎಂದು ನಾನೂ ಹೇಳುತ್ತೇನೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಡ್ಯಾನ್ ಟ್ರೂಮನ್ ಮತ್ತು ಪೆರಿ ಕುಕ್ ಇಂಥ ಆರ್ಕೆಸ್ಟ್ರಾ ಶುರು ಮಾಡಿದಾಗಲೂ ಈ ಪ್ರಶ್ನೆ ಇತ್ತು. ಪೆರಿ ಕುಕ್ ಜೊತೆ ಸೇರಿ ಚಕ್ ಭಾಷೆ ಮಾಡಿದ ಗೆ ವಾಂಗ್ ಮುಂದೆ 2008ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಇನ್ನೊಂದು ಆರ್ಕೆಸ್ಟ್ರಾ ಕಟ್ಟಿದರು. ಅವರೆಲ್ಲ ಲ್ಯಾಪ್‌ಟಾಪನ್ನೇ ಕೈಯಿಂದ ನುಡಿಸುವ ವಾದ್ಯ ಮಾಡಲು ಹೊರಟವರು. ಕೀಲಿಗಳೇ ಮನೆಗಳು. ಟಚ್‌ಪ್ಯಾಡ್ ಮೇಲೆ ಬೆರಳನ್ನು ಕಮಾನಿನಂತೆ ಎಳೆಯಬಹುದು. ಹಾರ್ಡ್‌ಡಿಸ್ಕ್ ಬಿದ್ದು ಹಾಳಾಗದಿರಲಿ ಎಂದು ಆಗಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅಲುಗಾಟ ತಿಳಿಯುವ ಸೆನ್ಸರ್ ಇರುತ್ತಿತ್ತು. ಅದನ್ನು ಬಳಸಿ ಇಡೀ ಲ್ಯಾಪ್‌ಟಾಪನ್ನು ಓರೆ ಮಾಡಿದರೆ ಸ್ವರ ಬಾಗುವ ಹಾಗೆ ಮಾಡಿದ್ದರು.

ನಮ್ಮಲ್ಲಿ ಕೀಬೋರ್ಡ್ ಜಾಸ್ತಿ. ಕೀ ಬಿಟ್ಟರೆ ಸದ್ದು ನಿಲ್ಲಬೇಕು, ಕೈ ನಿಂತರೆ ಹಾಡು ನಿಲ್ಲಬೇಕು. ಹಾಗೆ ಪ್ರೋಗ್ರಾಂ ಬರೆಯಿರಿ ಎಂದು ಮಕ್ಕಳಿಗೆ ಹೇಳಿದ್ದೇನೆ. ಒಬ್ಬರು ಮಾಡಿದ್ದನ್ನು ಕೇಳಿ ಇನ್ನೊಬ್ಬರು ಉತ್ತರ ಕೊಡುವ ಕಟ್ಟುಗಳನ್ನೇ (ನುಡಿಸುವ ರಚನೆಗಳನ್ನೇ) ಆರಿಸುತ್ತೇವೆ. ನಿಮ್ಮ ಭಜನೆಯಲ್ಲಿ ಮುಂದಿನವರು ಎತ್ತಿದ್ದನ್ನು ಹಿಂದಿನವರು ಹಿಡಿಯುತ್ತಾರಲ್ಲ, ಆ ಕ್ರಮ ನಮಗೆ ಬಹಳ ಉಪಯೋಗಕ್ಕೆ ಬಂದಿದೆ. ನೀವು ತುಮಕೂರಿಗೆ ಬಂದಾಗ ತಾಳ ತನ್ನಿ. ನಿಮ್ಮ ತಾಳಕ್ಕೆ ನಮ್ಮ ಮಕ್ಕಳು ಕೂತು ನುಡಿಸಲಿ.

(ಲಿನಕ್ಸ್ ಬಳಸುವ ಮಕ್ಕಳಿಗೆ ಇಲ್ಲೇ ಒಂದು ಮಾತು: ಚಕ್‌ಗೆ ಕೀಲಿಗಳು ಕಾಣಿಸುತ್ತಿಲ್ಲ ಎಂದರೆ ನಿಮ್ಮ ಬಳಕೆದಾರ ಹೆಸರನ್ನು ‘ಇನ್‌ಪುಟ್’ ಗುಂಪಿಗೆ ಸೇರಿಸಿ, ಲಾಗ್ ಔಟ್ ಆಗಿ ಮತ್ತೆ ಬನ್ನಿ.)

ಪ್ರಶ್ನೆ: ಶಾಲೆಯಲ್ಲಿ ಮಕ್ಕಳು ಲ್ಯಾಪ್‌ಟಾಪ್‌ನಲ್ಲಿ ಶಂಕರಾಭರಣ ನುಡಿಸಿದರು. ನಾನು ಪಿಟೀಲು ಹಿಡಿದೆ. ಷಡ್ಜ, ಪಂಚಮ ಕೂಡುತ್ತವೆ, ಗಾಂಧಾರ ಮಾತ್ರ ಕೂಡುವುದಿಲ್ಲ. ಮಕ್ಕಳ ಪ್ರೋಗ್ರಾಂನಲ್ಲಿ ತಪ್ಪಿದೆಯೇ?
— ಸಂಗೀತ ಶಿಕ್ಷಕಿ, ಕೋಲಾರ

ನಿಮ್ಮ ಕಿವಿ ಸರಿಯಾಗಿದೆ. ಮಕ್ಕಳದೂ ತಪ್ಪಿಲ್ಲ. ಅವರು ಸ್ವರಕ್ಕೆ, ಸ್ವರದ ಸಂಖ್ಯೆಯನ್ನು ಹರ್ಟ್ಸ್‌ಗೆ ಬದಲಿಸುವ ಚಕ್‌ನ ‘ಎಮ್‌ಟಾಫ್’ ಬಳಸಿರಬೇಕು. 60 ಎಂದು ಕೊಟ್ಟರೆ ಅದು 261.63 ಹರ್ಟ್ಸ್ ಕೊಡುತ್ತದೆ, ಅಂದರೆ ನಮ್ಮ ಒಂದು ಮನೆ ಶ್ರುತಿ. ಆದರೆ ಅದು ಸ್ಥಾಯಿಯನ್ನು ಹನ್ನೆರಡು ಸಮ ಭಾಗ ಮಾಡುವ ಲೆಕ್ಕ, ಪಿಯಾನೊದ ಲೆಕ್ಕ. ಅದರ ಅಂತರ ಗಾಂಧಾರ 329.63ಕ್ಕೆ ನಿಲ್ಲುತ್ತದೆ. ತಂಬೂರಿಯ ಷಡ್ಜದಿಂದ ಹುಟ್ಟುವ ಗಾಂಧಾರ ಷಡ್ಜದ 5/4 ಪಾಲು, ಅಂದರೆ 327.03. ಸುಮಾರು 2.6 ಹರ್ಟ್ಸ್ ವ್ಯತ್ಯಾಸ. ಪಂಚಮದಲ್ಲಿ ವ್ಯತ್ಯಾಸ ಅರ್ಧ ಹರ್ಟ್ಸ್‌ಗಿಂತ ಕಡಿಮೆ, ಹಾಗಾಗಿ ಅದು ಕೂಡಿದಂತೆ ಕೇಳುತ್ತದೆ.

ಪರಿಹಾರ ಬಹಳ ಸುಲಭ. ಎಮ್‌ಟಾಫ್ ಬಿಟ್ಟುಬಿಡಿ. ಷಡ್ಜಕ್ಕೆ ಒಂದು ಸಂಖ್ಯೆ ಇಟ್ಟುಕೊಂಡು ಉಳಿದದ್ದನ್ನು ಅದರಿಂದ ಗುಣಿಸಿ: ಚತುಶ್ರುತಿ ರಿಷಭ 9/8, ಅಂತರ ಗಾಂಧಾರ 5/4, ಶುದ್ಧ ಮಧ್ಯಮ 4/3, ಪಂಚಮ 3/2, ಚತುಶ್ರುತಿ ಧೈವತ 5/3, ಕಾಕಲಿ ನಿಷಾದ 15/8. ಶ್ರುತಿ ಬದಲಾಯಿಸಬೇಕಾದರೆ ಒಂದು ಸಂಖ್ಯೆ ತಿದ್ದಿದರೆ ಸಾಕು. ಗಮಕ ಮಾತ್ರ ಈ ಪಟ್ಟಿಯಿಂದ ಬರುವುದಿಲ್ಲ. ಅದಕ್ಕೆ ಮಕ್ಕಳನ್ನು ನಿಮ್ಮ ಪಕ್ಕ ಕೂರಿಸಿಕೊಂಡು ಹಾಡಿಸಿ. ಸ್ವರ ಎಲ್ಲಿಂದ ಹೊರಟು ಎಲ್ಲಿ ಮುಟ್ಟುತ್ತದೆ ಎಂದು ಅವರ ಗಂಟಲಿಗೆ ಗೊತ್ತಾದ ಮೇಲೆ ಟಚ್‌ಪ್ಯಾಡ್‌ನಲ್ಲಿ ತರಲಿ.

ಪ್ರಶ್ನೆ: ಕೀ ಒತ್ತಿದ ಸ್ವಲ್ಪ ಹೊತ್ತಿನ ಮೇಲೆ ಸದ್ದು ಬರುತ್ತದೆ. ಬಫರ್ ಕಡಿಮೆ ಮಾಡಿದರೆ ಪಟಪಟ ಎನ್ನುತ್ತದೆ. ಏನು ಮಾಡಲಿ?
— ಪಿಯುಸಿ ವಿದ್ಯಾರ್ಥಿನಿ, ಶಿಡ್ಲಘಟ್ಟ

ಬ್ಲೂಟೂತ್ ಸ್ಪೀಕರ್ ಬಳಸುತ್ತಿದ್ದೀರಾ? ಹೌದಾದರೆ ಮೊದಲು ಅದನ್ನು ತೆಗೆದು ತಂತಿ ಹಾಕಿ. ಬ್ಲೂಟೂತ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಜಾಸ್ತಿ ತಡವಾಗುತ್ತದೆ. ಬೇರೆ ಏನು ತಿದ್ದಿದರೂ ಅದು ಹೋಗುವುದಿಲ್ಲ.

ತಂತಿ ಇದ್ದೂ ತಡವಾದರೆ ಬಫರ್, ಅಂದರೆ ಸದ್ದನ್ನು ಹೊರಬಿಡುವ ಮೊದಲು ಕೂಡಿಡುವ ಜಾಗ, ನೋಡೋಣ. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಇರುವಾಗ 1024ರ ಬಫರ್ ಎಂದರೆ 23 ಮಿಲಿಸೆಕೆಂಡ್. 256 ಎಂದರೆ ಆರಕ್ಕಿಂತ ಕಡಿಮೆ. ಒಳಗೆ ಒಂದಕ್ಕಿಂತ ಜಾಸ್ತಿ ಬಫರ್ ಇರುವುದರಿಂದ ನಿಜವಾದ ತಡ ಇದರ ಎರಡು ಪಾಲಾದರೂ ಆಗುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮೂರು ಮೀಟರ್ ದೂರದಲ್ಲಿ ಕೂತವರ ಸದ್ದು ನಿಮಗೆ ತಲುಪಲು 9 ಮಿಲಿಸೆಕೆಂಡ್ ಬೇಕು, ಆದರೂ ಮೃದಂಗಕ್ಕೆ ಹಾಡು ಕೂಡುತ್ತದಲ್ಲ. ಹಾಗಾಗಿ 64ರ ಹಿಂದೆ ಓಡಬೇಡಿ. 256 ಸಾಕು. ಅಲ್ಲೂ ಪಟಪಟ ಬಂದರೆ ಬಳಕೆದಾರ ಹೆಸರು ‘ಆಡಿಯೋ’ ಗುಂಪಿನಲ್ಲಿದೆಯೇ, ಆ ಗುಂಪಿಗೆ ರಿಯಲ್‌ಟೈಮ್ ಆದ್ಯತೆ ಕೊಟ್ಟಿದೆಯೇ ನೋಡಿ. ಸಿಪಿಯುವನ್ನು ‘ಪರ್ಫಾರ್ಮೆನ್ಸ್’ಗೆ ಇಡಿ. ವೈಫೈ, ಬ್ರೌಸರ್ ಎರಡನ್ನೂ ಮುಚ್ಚಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ಮುಚ್ಚಿದ್ದೇ ತಡ, ಪಟಪಟ ನಿಂತದ್ದನ್ನು ನೋಡಿದ್ದೇನೆ.

ಪ್ರಶ್ನೆ: ಆದಿತಾಳದ ಒಂದು ಕಟ್ಟು ಮಾಡಿದ್ದೇವೆ. ಶುರುವಿನಲ್ಲಿ ಎಲ್ಲ ಲ್ಯಾಪ್‌ಟಾಪ್ ಸರಿಯಾಗಿ ಕೂಡುತ್ತವೆ. ಹತ್ತು ನಿಮಿಷಕ್ಕೆ ಒಂದೊಂದು ಒಂದೊಂದು ಕಡೆ. ಎಲ್ಲದರಲ್ಲೂ ಒಂದೇ ಪ್ರೋಗ್ರಾಂ ಇದೆ, ಆದರೂ ಹೀಗೇಕೆ?
— ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಶಿರಾ

ಈ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಚಕ್‌ನಲ್ಲಿ ಕಾಲವನ್ನು ನೀವೇ ಮುಂದೆ ಸರಿಸಬೇಕು. ಅರ್ಧ ಸೆಕೆಂಡನ್ನು ‘ನೌ’ (ಈಗಿನ ಕ್ಷಣ) ಎಂಬುದಕ್ಕೆ ಕೊಟ್ಟರೆ ಅಷ್ಟು ಹೊತ್ತು ಸದ್ದು ಹೊರಬರುತ್ತದೆ. ಕೊಡದಿದ್ದರೆ ಸದ್ದೇ ಇಲ್ಲದೆ ಪ್ರೋಗ್ರಾಂ ಮುಗಿಯುತ್ತದೆ. ಆ ಅರ್ಧ ಸೆಕೆಂಡನ್ನು ಚಕ್ ಗೋಡೆ ಗಡಿಯಾರ ನೋಡಿ ಅಳೆಯುವುದಿಲ್ಲ. ಸ್ಯಾಂಪಲ್ ಎಣಿಸುತ್ತದೆ: 22,050 ಆದರೆ ಅರ್ಧ ಸೆಕೆಂಡ್. ಸ್ಯಾಂಪಲ್‌ಗಳ ವೇಗ ಇರುವುದು ಸೌಂಡ್ ಕಾರ್ಡಿನ ಸ್ಫಟಿಕದ ಕೈಯಲ್ಲಿ. ಎರಡು ಲ್ಯಾಪ್‌ಟಾಪ್‌ಗಳ ಸ್ಫಟಿಕಗಳು ಪೂರ್ತಿ ಒಂದೇ ವೇಗದಲ್ಲಿ ಇರುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ 10 ನಿಮಿಷದಲ್ಲಿ 30 ಮಿಲಿಸೆಕೆಂಡ್ ಸರಿಯುತ್ತದೆ. ಒಂದು ಪೆಟ್ಟು ಎರಡಾಗಿ ಕೇಳಲು ಅಷ್ಟು ಸಾಕು. ನಿಮ್ಮ ಪ್ರೋಗ್ರಾಂ ಚೆನ್ನಾಗಿಯೇ ಇದೆ.

ಇದಕ್ಕೆ ನಾವು ಓಎಸ್‌ಸಿ ಸಂದೇಶ ಬಳಸುತ್ತೇವೆ. 1997ರಲ್ಲಿ ಬರ್ಕ್‌ಲಿಯಲ್ಲಿ ಮ್ಯಾಟ್ ರೈಟ್ ಮತ್ತು ಏಡ್ರಿಯನ್ ಫ್ರೀಡ್ ರೂಪಿಸಿದ, ಸಂಗೀತದ ಯಂತ್ರಗಳು ತಮ್ಮೊಳಗೆ ಮಾತಾಡಿಕೊಳ್ಳುವ ಪದ್ಧತಿ ಅದು. ಒಂದು ಲ್ಯಾಪ್‌ಟಾಪ್ ತಾಳದ ಪ್ರತಿ ಅಕ್ಷರಕ್ಕೂ ಒಂದು ಸಂದೇಶ ಕಳಿಸುತ್ತದೆ, ಉಳಿದವು ಅದನ್ನು ಕೇಳಿ ಪೆಟ್ಟು ಹಾಕುತ್ತವೆ. ಸಂದೇಶದಲ್ಲಿ ‘ಈಗ ಬಾರಿಸು’ ಎಂದಷ್ಟೇ ಹೇಳಬೇಡಿ. ಎಷ್ಟನೇ ಆವರ್ತ, ಎಷ್ಟನೇ ಅಕ್ಷರ ಎಂದೂ ಸೇರಿಸಿ. ಈ ಸಂದೇಶಗಳು ಸಾಮಾನ್ಯವಾಗಿ ಯುಡಿಪಿ ಎಂಬ ನೆಟ್‌ವರ್ಕ್ ಕ್ರಮದಲ್ಲಿ ಹೋಗುತ್ತವೆ, ದಾರಿಯಲ್ಲಿ ಕಳೆದುಹೋದರೆ ಯಾರೂ ಮತ್ತೆ ಕಳಿಸುವುದಿಲ್ಲ. ಸಂಖ್ಯೆ ಇದ್ದರೆ ಒಂದು ತಪ್ಪಿದರೂ ಮುಂದಿನದರಲ್ಲಿ ಸರಿಯಾದ ಜಾಗಕ್ಕೆ ಬಂದು ಸೇರುತ್ತದೆ. ಇಲ್ಲದಿದ್ದರೆ ಆ ಲ್ಯಾಪ್‌ಟಾಪ್ ಕೊನೆಯವರೆಗೂ ಒಂದು ಅಕ್ಷರ ಹಿಂದೆಯೇ ಉಳಿಯುತ್ತದೆ.

ವೈಫೈ ಬೇಡ. ಸಂದೇಶ ಒಮ್ಮೆ ಬೇಗ, ಒಮ್ಮೆ ತಡವಾಗಿ ಬರುತ್ತದೆ, ಅದರಲ್ಲೂ ಜನ ತುಂಬಿದ ಹಾಲ್‌ನಲ್ಲಿ ಎಲ್ಲರ ಮೊಬೈಲ್ ಆನ್ ಇರುವಾಗ. ಎಂಟು ಕಿಂಡಿಯ ಸಾದಾ ನೆಟ್‌ವರ್ಕ್ ಸ್ವಿಚ್, ಲ್ಯಾನ್ ಕೇಬಲ್, ಪ್ರತಿ ಯಂತ್ರಕ್ಕೂ ಸ್ಥಿರ ಐಪಿ ವಿಳಾಸ. ಇಂಟರ್ನೆಟ್ ಬೇಕಿಲ್ಲ. ಚಕ್‌ನ ಉದಾಹರಣೆಗಳಲ್ಲಿ ಇರುವ 6449ನೇ ಪೋರ್ಟ್ ಬಳಸುತ್ತಿದ್ದರೆ ಫೈರ್‌ವಾಲ್‌ನಲ್ಲಿ ಅದನ್ನು ತೆರೆದಿಡಿ.

ಇಷ್ಟೆಲ್ಲ ಹೇಳಿಯೂ ನನ್ನ ಅಭಿಪ್ರಾಯ ಬೇರೆ ಇದೆ. ಎಲ್ಲ ಕಟ್ಟುಗಳಲ್ಲೂ ಯಂತ್ರವೇ ತಾಳ ಹಿಡಿಯುವುದು ಬೇಡ. ಒಬ್ಬರು ಎದುರು ಕೂತು ಕೈಯಲ್ಲಿ ತಾಳ ಹಾಕಲಿ, ಉಳಿದವರು ನೋಡಿ ನುಡಿಸಲಿ. ನಮ್ಮ ಮಕ್ಕಳು ಪರದೆಯಿಂದ ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡಲು ಶುರು ಮಾಡಿದ್ದು ಹೀಗೆ ನುಡಿಸಿದಾಗಲೇ.

ಪ್ರಶ್ನೆ: ಸ್ಟ್ಯಾನ್‌ಫರ್ಡ್‌ನವರು ಬಟ್ಟಲಿನಲ್ಲಿ ಸ್ಪೀಕರ್ ಮಾಡಿಕೊಂಡಿದ್ದಾರೆ ಎಂದು ಬರೆದಿದ್ದಿರಿ. ನಾವೂ ಮಾಡಬಹುದೇ? ಒಂದು ದೊಡ್ಡ ಪಿಎ ಸಿಸ್ಟಮ್ (ಸಭೆಯ ಧ್ವನಿವರ್ಧಕ) ಬಾಡಿಗೆಗೆ ತಂದರೆ ಸಾಲದೇ?
— ರೇಡಿಯೋ, ಟಿವಿ ರಿಪೇರಿ ಮಾಡುವವರು, ಚಿಂತಾಮಣಿ

ಪಿಎ ಬೇಡ ಎಂದು ಗಟ್ಟಿಯಾಗಿ ಹೇಳುತ್ತೇನೆ. ಎಲ್ಲರ ಸದ್ದನ್ನೂ ಎರಡು ಡಬ್ಬದಲ್ಲಿ ಕಲಸಿ ಬಿಟ್ಟರೆ ಯಾರು ಏನು ನುಡಿಸಿದರು ಎಂದು ಕೇಳುವವರಿಗೂ ತಿಳಿಯುವುದಿಲ್ಲ, ನುಡಿಸುವವರಿಗೂ ತಿಳಿಯುವುದಿಲ್ಲ. ಪಿಟೀಲಿನ ಸದ್ದು ಪಿಟೀಲು ಇರುವ ಜಾಗದಿಂದ, ಘಟದ್ದು ಘಟ ಇರುವ ಜಾಗದಿಂದ ಬರುತ್ತದೆ. ಲ್ಯಾಪ್‌ಟಾಪಿನದೂ ಹಾಗೇ ಬರಬೇಕು. ಅರ್ಧಗೋಳದ ಸ್ಪೀಕರ್ ಮಾಡಿದ್ದು ಇದಕ್ಕೇ. ಸದ್ದು ಒಂದು ಕಡೆಗೆ ಮಾತ್ರ ಹೋಗದೆ ಸುತ್ತಲೂ ಹರಡುತ್ತದೆ. ಸ್ಟ್ಯಾನ್‌ಫರ್ಡ್‌ನವರು ಐಕಿಯಾದ ಮರದ ಸಲಾಡ್ ಬಟ್ಟಲಿಗೆ ಕಾರ್ ಸ್ಪೀಕರ್ ಕೂರಿಸಿದರು. ವರ್ಜಿನಿಯಾ ಟೆಕ್‌ನಲ್ಲಿ ಐವಿಕಾ ಐಕೊ ಬುಕ್ವಿಚ್ 2009ರಲ್ಲಿ ಕಟ್ಟಿದ ಲಿನಕ್ಸ್ ಲ್ಯಾಪ್‌ಟಾಪ್ ಆರ್ಕೆಸ್ಟ್ರಾ ಅಗ್ಗದ ನೆಟ್‌ಬುಕ್‌ಗಳಲ್ಲೇ ಕೆಲಸ ಮಾಡಿತು. ಪ್ಯೂರ್ ಡೇಟಾ ಎಂಬ ತಂತ್ರಾಂಶವನ್ನು ತಮಗೆ ಬೇಕಾದಂತೆ ತಿದ್ದಿಕೊಂಡು ಬಳಸಿದರು. ನಮಗೆ ಹತ್ತಿರದ ದಾರಿ ಅದೇ.

ನೀವು ರಿಪೇರಿ ಮಾಡುವವರಾದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ನಾವು ಮಂಡಿಪೇಟೆಯ ಪಾತ್ರೆ ಅಂಗಡಿಯಿಂದ ದಪ್ಪ ಅಲ್ಯೂಮಿನಿಯಂ ಬೋಗುಣಿ ತಂದೆವು. ತೆಳು ಸ್ಟೀಲ್ ಬೇಡ, ಗಂಟೆಯ ಹಾಗೆ ಮೊಳಗುತ್ತದೆ. ಅಲ್ಯೂಮಿನಿಯಂಗೂ ಒಳಗಡೆ ಕಾರಿನ ಬಾಗಿಲಿಗೆ ಅಂಟಿಸುವ ಡ್ಯಾಂಪಿಂಗ್ ಶೀಟ್ ಹಾಕಲೇಬೇಕು. 4 ಇಂಚಿನ, 4 ಓಮ್‌ನ ಆರು ಕಾರ್ ಸ್ಪೀಕರ್. ಪ್ರತಿ ಸ್ಪೀಕರಿಗೂ ಬೇರೆ ಚಾನೆಲ್ ಕೊಡಬೇಕಾದರೆ ದುಬಾರಿ ಆಡಿಯೋ ಇಂಟರ್ಫೇಸ್ ಬೇಕು. ನಾವು ಲ್ಯಾಪ್‌ಟಾಪಿನ ಎರಡು ಚಾನೆಲ್‌ನಲ್ಲೇ ಮುಗಿಸಿದ್ದೇವೆ. ಎಡಕ್ಕೆ ಮೂರು, ಬಲಕ್ಕೆ ಮೂರು. ಮೂರನ್ನೂ ಸೀರೀಸ್‌ನಲ್ಲಿ ಹಾಕಿ, 12 ಓಮ್ ಆಗುತ್ತದೆ. ಪ್ಯಾರಲೆಲ್ ಹಾಕಿದರೆ 1.33 ಓಮ್‌ಗೆ ಇಳಿದು ಆಂಪ್ಲಿಫೈಯರ್ ಸುಟ್ಟುಹೋದೀತು. 12 ವೋಲ್ಟಿನ ಕ್ಲಾಸ್-ಡಿ ಆಂಪ್ಲಿಫೈಯರ್ ಬೋರ್ಡ್ ಸಾಕು. ಸೀರೀಸ್‌ನಲ್ಲಿ ಚಾನೆಲಿಗೆ ಐದಾರು ವಾಟ್‌ಗಿಂತ ಜಾಸ್ತಿ ಬರುವುದಿಲ್ಲ, ನಮ್ಮಂಥ ಸಣ್ಣ ಹಾಲ್‌ಗೆ ಅಷ್ಟು ಬೇಕಾದಷ್ಟಾಯಿತು. ಬೋಗುಣಿಯ ಬಾಯಿಗೆ ಪ್ಲೈವುಡ್ ಬಿಗಿಯಾಗಿ ಮುಚ್ಚಿ, ಕವುಚಿ ಇಡಿ. ಕೂತವರ ಪಕ್ಕದಲ್ಲಿ, ನೆಲದ ಮೇಲೆ.

ಇಷ್ಟು ಮಾಡಲಾಗದ ಶಾಲೆಯವರು ಹಳೆಯ ಕಂಪ್ಯೂಟರ್ ಸ್ಪೀಕರ್ ಒಂದನ್ನು ಮೇಲ್ಮುಖವಾಗಿ ಮಲಗಿಸಿ ಪಕ್ಕದಲ್ಲಿಟ್ಟುಕೊಳ್ಳಲಿ. ಅರ್ಧ ಗುಣ ಅದರಲ್ಲೇ ಸಿಗುತ್ತದೆ.

ಪ್ರಶ್ನೆ: ಒಂದು ಪ್ರತಿ ಇಳಿಸಿಕೊಂಡು ಶಾಲೆಯ ಎಲ್ಲ ಯಂತ್ರಗಳಿಗೂ ಹಾಕಿದರೆ ಕಾನೂನಿನ ತೊಂದರೆ ಇಲ್ಲವೇ?
— ಮುಖ್ಯ ಶಿಕ್ಷಕರು, ಮುಳಬಾಗಿಲು

ಇಲ್ಲ. ಚಕ್, ಅದರಂಥದೇ ಸೂಪರ್‌ಕೊಲೈಡರ್, ಪ್ಯೂರ್ ಡೇಟಾ ಮೂರನ್ನೂ ಎಷ್ಟು ಯಂತ್ರಕ್ಕಾದರೂ ಹಾಕಬಹುದು, ಮಕ್ಕಳ ಮನೆಗೂ ಕೊಡಬಹುದು. ಜಿಪಿಎಲ್ ಪರವಾನಗಿಯ ತಂತ್ರಾಂಶವನ್ನು ಹಂಚುವಾಗ ಸೋರ್ಸ್ ಕೋಡನ್ನೂ ಕೊಡಬೇಕು, ತಿದ್ದಿದ್ದರೆ ತಿದ್ದಿದ್ದನ್ನೇ ಕೊಡಬೇಕು. ಪೆನ್‌ಡ್ರೈವ್‌ನಲ್ಲಿ ಸೋರ್ಸ್ ಫೋಲ್ಡರನ್ನೂ ಇಟ್ಟುಬಿಡಿ, ಮುಗಿಯಿತು.

ಪ್ರಶ್ನೆ: ಕಾರ್ಯಕ್ರಮದ ನಡುವೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಓಡುತ್ತಿತ್ತು, ಆದರೆ ಮೇಳ ನಿಂತಿತು. ಕರೆಂಟ್ ಇದ್ದಾಗ ಬೇರೆ ‘ಗುಂಯ್’ ಸದ್ದು.
— ಯುವಕ ಸಂಘದವರು, ಗೌರಿಬಿದನೂರು

ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ನೆಟ್‌ವರ್ಕ್ ಸ್ವಿಚ್‌ಗೆ, ಆಂಪ್ಲಿಫೈಯರಿಗೆ ಇಲ್ಲ. ಎರಡನ್ನೂ 12 ವೋಲ್ಟಿನವೇ ಆರಿಸಿಕೊಳ್ಳಿ. ಸ್ವಿಚ್‌ಗೆ ರೂಟರ್‌ಗೆ ಹಾಕುವ ಸಣ್ಣ ಯುಪಿಎಸ್ ಸಾಕು. ಆಂಪ್ಲಿಫೈಯರ್‌ಗಳಿಗೆ 12 ವೋಲ್ಟಿನ ಸಣ್ಣ ಬ್ಯಾಟರಿ ಕೊಡಿ, ಫ್ಯೂಸ್ ಹಾಕಿ.

ಗುಂಯ್ ಎನ್ನುವುದು ನಮ್ಮ 50 ಹರ್ಟ್ಸ್ ಕರೆಂಟಿನ ಸದ್ದು. ಒಂದು ಚಾರ್ಜರ್ ಕಿತ್ತು ನೋಡಿ. ನಿಂತರೆ ಆ ಯಂತ್ರದ್ದೇ ಎಂದು ಗೊತ್ತಾಗುತ್ತದೆ. ಎಲ್ಲವನ್ನೂ ಅರ್ಥಿಂಗ್ ಸರಿ ಇರುವ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸಿದರೆ ಸದ್ದು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಜೀವಕ್ಕೆ ಅಪಾಯ. ಆಮೇಲೂ ಉಳಿದರೆ ಲ್ಯಾಪ್‌ಟಾಪಿಗೂ ಆಂಪ್ಲಿಫೈಯರಿಗೂ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಕಾರ್ ಆಡಿಯೋ ಅಂಗಡಿಯಲ್ಲಿ ಸಿಗುತ್ತದೆ. ಕಾರ್ಯಕ್ರಮದ ಹೊತ್ತಿಗೆ ಎಲ್ಲ ಲ್ಯಾಪ್‌ಟಾಪನ್ನೂ ಪೂರ್ತಿ ಚಾರ್ಜ್ ಮಾಡಿಟ್ಟುಕೊಂಡು ಬ್ಯಾಟರಿಯಲ್ಲೇ ನುಡಿಸುವುದು ಇನ್ನೂ ಒಳ್ಳೆಯದು. ಆದರೆ ಬ್ಯಾಟರಿಗೆ ಬಂದ ಕೂಡಲೇ ಕೆಲವು ಯಂತ್ರಗಳು ಸಿಪಿಯು ವೇಗ ಇಳಿಸಿಬಿಡುತ್ತವೆ, ಆಗ ಪಟಪಟ ಶುರುವಾಗುತ್ತದೆ. ಹಿಂದಿನ ದಿನವೇ ಚಾರ್ಜರ್ ಕಿತ್ತು ಇಡೀ ಕಟ್ಟನ್ನು ಒಮ್ಮೆ ನುಡಿಸಿ ನೋಡಿಕೊಳ್ಳಿ.